ಒಲೆ ಕಟ್ಟಿದವರು ಹೋದ ಮೇಲೆ

(ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಒಂದು ಮನೆ. ಗೋಡೆಗೆ ಬೇಕಾದ ಮಣ್ಣಿನ ಬ್ಲಾಕುಗಳನ್ನು ಸೈಟಿನಲ್ಲೇ ಒತ್ತುತ್ತಿದ್ದಾರೆ. ಮಾತಾಡುತ್ತಿರುವವರಲ್ಲಿ ಒಬ್ಬರು ಕುಣಿಗಲ್ ಕಡೆಯ ಹಿರಿಯ ಮೇಸ್ತ್ರಿ, ಇನ್ನೊಬ್ಬರು ಕೆಲಸದ ಉಸ್ತುವಾರಿ ನೋಡುವ ಯುವ ಇಂಜಿನಿಯರ್.)

ಇಂಜಿನಿಯರ್: ಮೇಸ್ತ್ರಿ, ಬೆಳಗ್ಗೆಯೇ ಹದ ನೋಡಿ ಆಗಿತ್ತಲ್ಲ. ಮತ್ತೆ ಯಾಕೆ ಉಂಡೆ ಬೀಳಿಸ್ತಿದ್ದೀರಿ?

ಮೇಸ್ತ್ರಿ: ಬೆಳಗ್ಗೆ ನೋಡಿದ್ದು ಬೆಳಗ್ಗೆಗಾಯ್ತು ಕಣಮ್ಮ. ಈಗ ಬಿಸಿಲು ಏರೈತೆ, ಮಣ್ಣಲ್ಲಿರೋ ನೀರು ಆರಿರ್ತದೆ. ಮುಷ್ಟೀಲಿ ಬಿಗಿಯಾಗಿ ಅದುಮಿ ಉಂಡೆ ಮಾಡದು, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡದು. ನಾಕೈದು ಚೂರಾದ್ರೆ ಹದ ಸರಿ. ಪುಡಿಪುಡಿ ಆದ್ರೆ ನೀರು ಸಾಲ್ದು. ಒಡೀದೆ ಚಪ್ಪಟೆಯಾಗಿ ಕೂತ್ಕಂಡ್ರೆ ನೀರು ಜಾಸ್ತಿ. ಇದು ನೋಡಿ, ಪುಡಿ ಆಗೋಯ್ತು. ಹಿಂಗೇ ಒತ್ತಿದ್ರೆ ಬ್ಲಾಕಿನ ಮೂಲೆ ಉದುರ್ತದೆ.

ಇಂಜಿನಿಯರ್: ನಮ್ಮ ಪುಸ್ತಕದಲ್ಲಿ ಇದಕ್ಕೆ ಎರಡೇ ಸಾಲು. ನಿಮಗೆ ಯಾರು ಕಲಿಸಿದ್ದು?

ಮೇಸ್ತ್ರಿ: ಟಾಟಾ ಇನ್‌ಸ್ಟಿಟ್ಯೂಟ್‌ನೋರು. ನಮ್ಮ ಕಡೆ ಉಂಗ್ರದಲ್ಲಿ ಅವರದ್ದೊಂದು ಕೇಂದ್ರ ಇತ್ತು. ಮಣ್ಣು ಜರಡಿ ಹಿಡಿಯೋ ಕೂಲಿಗೆ ಹೋದೋನು ನಾನು. ಹಂಗೇ ಮಿಷನ್ ಒತ್ತೋದು ಕಲ್ತೆ, ಆಮೇಲೆ ಒಲೆ ಕಟ್ಟೋದು ಕಲ್ತೆ. ಇವತ್ತಿನವರೆಗೂ ಹೊಟ್ಟೆಗೆ ಹಿಟ್ಟು ಆ ವಿದ್ಯೆಯಿಂದ್ಲೇ. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಅವರು ಮಾಡಿದ್ರಲ್ಲಿ ಉಳಿದಿದ್ದಕ್ಕಿಂತ ನಿಂತೋಗಿದ್ದೇ ಜಾಸ್ತಿ.

ಇಂಜಿನಿಯರ್: ಬೇಜಾರು ಯಾಕೆ? ನನಗೆ ಕೇಳಬೇಕಾಗಿರೋದೂ ಅದೇ. ನಾನು ಪಿಎಚ್‌ಡಿಗೆ ಅರ್ಜಿ ಹಾಕೋಕೆ ಹೊರಟಿದ್ದೀನಿ. ಈಗ ಯಾವ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದರೂ ಸುಸ್ಥಿರತೆಯ ಹೆಸರಲ್ಲಿ ಒಂದು ಕೇಂದ್ರ ಇದ್ದೇ ಇರುತ್ತೆ. ಆದರೆ ನಿಮ್ಮ ಟಾಟಾ ಇನ್‌ಸ್ಟಿಟ್ಯೂಟು, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ಈ ಕೆಲಸ ಶುರು ಮಾಡಿದ್ದು 1974ರಲ್ಲಿ. ಟಾಟಾ ಕುಟುಂಬದ ದುಡ್ಡು, ಮೈಸೂರು ಅರಸರು ಕೊಟ್ಟ 371 ಎಕರೆ ಜಾಗ, 1909ರ ಸಂಸ್ಥೆ ಅದು. ವಿಮಾನ, ಲೋಹ, ರಸಾಯನ ಅಂತ ಮುಳುಗಿದ್ದ ಜಾಗದಿಂದ ಕುಣಿಗಲ್ ತಾಲ್ಲೂಕಿಗೆ ಸೌದೆ ಒಲೆ ನೋಡೋಕೆ ಜನ ಬಂದ್ರು ಅಂದ್ರೆ ಸಣ್ಣ ಮಾತಲ್ಲ.

ಮೇಸ್ತ್ರಿ: ರೆಡ್ಡಿ ಅಂತ ಒಬ್ರು ಇದ್ರು. ದೊಡ್ಡ ಮನುಷ್ಯ ಅಂತ ಎಲ್ರೂ ಅನ್ನೋರು.

ಇಂಜಿನಿಯರ್: ಅಮೂಲ್ಯ ರೆಡ್ಡಿ. ವಿದ್ಯುತ್ ರಸಾಯನಶಾಸ್ತ್ರದ ಪ್ರೊಫೆಸರು. ಬಾಕ್ರಿಸ್ ಅನ್ನೋ ವಿಜ್ಞಾನಿ ಜೊತೆ ಬರೆದ ಅವರ ಎರಡು ಸಂಪುಟದ ಪಠ್ಯವನ್ನ ಹೊರದೇಶದಲ್ಲೆಲ್ಲ ಓದ್ತಿದ್ರು. ಅದೇ ದಾರಿಯಲ್ಲಿ ಹೋಗಿದ್ರೆ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ನಮ್ಮ ಸಂಶೋಧನೆ ಯಾರಿಗೆ ಉಪಯೋಗ ಆಗ್ತಿದೆ ಅನ್ನೋ ಪ್ರಶ್ನೆ ಅವರನ್ನ ಬಿಡಲಿಲ್ಲ. ಹಳ್ಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನಕ್ಕೆ ಅಂತಲೇ ಒಂದು ಘಟಕ ಕಟ್ಟಿದ್ರು. ಅದೇ ಅಸ್ತ್ರ. ಆಗ ಸಂಸ್ಥೆಯ ನಿರ್ದೇಶಕರು ಸತೀಶ್ ಧವನ್, ಇಸ್ರೋ ಅಧ್ಯಕ್ಷರೂ ಅವರೇ. ರಾಕೆಟ್ ಹಾರಿಸೋರು ಒಲೆಗೂ ಜಾಗ ಮಾಡಿಕೊಟ್ರು.

ಮೇಸ್ತ್ರಿ: ಅವರ ಹುಡುಗ್ರು ಮೊದ್ಲು ಬಂದಿದ್ದು ಏನೂ ಕೊಡೋಕಲ್ಲ, ಲೆಕ್ಕ ಬರ್ಕಳ್ಳೋಕೆ. ನಮ್ಮವ್ವ ಸೌದೆ ಹೊರೆ ಹೊತ್ಕಂಡು ಬಂದ್ರೆ ಇವರು ತಕ್ಕಡಿ ಹಿಡ್ಕಂಡು ನಿಂತಿರೋರು. ಹೊರೆ ಎಷ್ಟು ತೂಕ, ಎಷ್ಟು ದೂರ ಹೋಗಿದ್ರಿ, ಎಷ್ಟೊತ್ತಿಗೆ ಹೋಗಿ ಎಷ್ಟೊತ್ತಿಗೆ ಬಂದ್ರಿ, ಯಾರ್ಯಾರು ಹೋಗಿದ್ರಿ, ಎಲ್ಲ ಬರ್ಕಳ್ಳೋರು. ನಮ್ಮವ್ವ ಕೇಳಿದ್ಲು, ‘ಏನ್ ಸಾಮಿ, ಇನ್ಮೇಲೆ ಸೌದೇನೂ ರೇಷನ್ ಅಂಗಡೀಲಿ ಕೊಡ್ತಾರಾ?’ ಅಂತ. ಅವರು ನಕ್ಕು ಅದನ್ನೂ ಬರ್ಕಂಡ್ರು.

ಇಂಜಿನಿಯರ್: ಉಂಗ್ರದ ಸುತ್ತಲಿನ ಆರು ಹಳ್ಳಿಗಳ ಲೆಕ್ಕ ಅದು. ಅದರಲ್ಲಿ ಪುರ ಅನ್ನೋ ಊರಿನ ಅಂಕಿಅಂಶ ಆಮೇಲೆ ತುಂಬ ಹೆಸರಾಯ್ತು. 1977ರಲ್ಲಿ ಆ ಊರಲ್ಲಿ 56 ಮನೆ, 357 ಜನ. ಊರು ಬಳಸೋ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸೌದೆಯದ್ದು. ಕರೆಂಟಿನ ಪಾಲು ನೂರಕ್ಕೆ ಒಂದೂ ಇಲ್ಲ. ಊರಿಗೆ ಕಂಬ ಬಂದಿತ್ತು, ಆದರೆ ಬಹುಪಾಲು ಮನೆಯಲ್ಲಿ ಉರೀತಿದ್ದದ್ದು ಸೀಮೆಎಣ್ಣೆ ಬುಡ್ಡಿ. ಒಂದೊಂದು ಮನೆ ಸೌದೆ ಆಯೋಕೇ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಕಳೀತಿತ್ತು. ಮನುಷ್ಯರ ಮೈದುಡಿಮೆ ಲೆಕ್ಕ ಹಾಕಿದ್ರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದು.

ಮೇಸ್ತ್ರಿ: ಇದನ್ನ ಹೇಳೋಕೆ ಟಾಟಾ ಇನ್‌ಸ್ಟಿಟ್ಯೂಟೇ ಬೇಕಿತ್ತಾ? ನಮ್ಮವ್ವನ್ನ ಕೇಳಿದ್ರೆ ಹೇಳ್ತಿದ್ಲು.

ಇಂಜಿನಿಯರ್: ಹೇಳ್ತಿದ್ರು, ಆದರೆ ಯಾರು ಕೇಳ್ತಿದ್ರು? ಸರ್ಕಾರದ ಇಂಧನ ಲೆಕ್ಕ ಅಂದ್ರೆ ಕಲ್ಲಿದ್ದಲು, ಡೀಸೆಲ್ಲು, ಕರೆಂಟು. ದುಡ್ಡು ಕೊಟ್ಟು ಕೊಂಡಿದ್ದಕ್ಕೆ ಮಾತ್ರ ರಸೀದಿ, ರಸೀದಿ ಇದ್ದದ್ದಕ್ಕೆ ಮಾತ್ರ ಲೆಕ್ಕ. ನಿಮ್ಮವ್ವ ತಲೆ ಮೇಲೆ ಹೊತ್ತು ತಂದಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಲ್ಲಿ ಇಲ್ಲದ್ದಕ್ಕೆ ಯೋಜನೆಯೂ ಇಲ್ಲ, ದುಡ್ಡೂ ಇಲ್ಲ. ಇನ್ನೊಂದು ವಿಷಯ. ಹಳ್ಳಿಯವರು ಸೌದೆ ಕಡಿದೇ ಕಾಡು ಹಾಳಾಯ್ತು ಅಂತ ಪಟ್ಟಣದವರು ಬಯ್ತಿದ್ದ ಕಾಲ ಅದು. ಇವರು ನೋಡಿದ್ರೆ ಹಳ್ಳಿ ಹೆಂಗಸರು ತರ್ತಿದ್ದದ್ದು ಹೆಚ್ಚಿನ ಪಾಲು ಒಣಪುರಲೆ, ಚಿಕ್ಕಪುಟ್ಟ ಕೊಂಬೆ. ಮರದ ದಿಮ್ಮಿ ಲಾರಿ ಲಾರಿ ಹೋಗ್ತಿದ್ದದ್ದು ಬೆಂಗಳೂರಿನ ಸೌದೆ ಡಿಪೋಗಳಿಗೆ. ಅದನ್ನೂ ಅಳೆದು ಬರೆದ್ರು.

ಮೇಸ್ತ್ರಿ: ಅದು ಸರಿ ಬಿಡಿ. ಬಯ್ಯೋರ ಬಾಯಿ ಮುಚ್ಚೋಕೆ ತಕ್ಕಡಿ ಬೇಕೇ ಬೇಕು. ಆದ್ರೆ ಅಳತೆ ಮಾಡಿದೋರಿಗೂ ಮನೆಯೋರ ಮನಸ್ಸು ಸಿಗ್ತದೆ ಅಂತ ಏನಿಲ್ಲ. ಪುರದ ಗೋಬರ್ ಗ್ಯಾಸಿಗೆ ಏನಾಯ್ತು?

ಇಂಜಿನಿಯರ್: ಓದಿದ್ದೀನಿ. ಸೌದೆ ಹೆಚ್ಚು ಹೋಗೋದು ಅಡಿಗೆಗೆ, ಹಾಗಾಗಿ ಊರಿಗೆಲ್ಲ ಅಡಿಗೆ ಗ್ಯಾಸ್ ಕೊಡೋಣ ಅಂತ ಮೊದಲು ಹೊರಟ್ರು. ಊರಿನ ದನಗಳ ಸಗಣಿ ಅಷ್ಟೂ ಮನೆಗಳ ಅಡಿಗೆಗೆ ಸಾಲಲಿಲ್ಲ. ಅರ್ಧ ಅಡಿಗೆಗೆ ಬರೋ ಗ್ಯಾಸ್ ಯಾರಿಗೂ ಬೇಡ. ಆಗ ಊರಿನವರ ಜೊತೆ ಕೂತು ಕೇಳಿದ್ರು, ನಿಮಗೆ ಮೊದಲು ಏನು ಬೇಕು ಅಂತ.

ಮೇಸ್ತ್ರಿ: ನೀರು.

ಇಂಜಿನಿಯರ್: ನೀರು. 1987ರಲ್ಲಿ ಅದೇ ಗ್ಯಾಸನ್ನ ಡೀಸೆಲ್ ಇಂಜಿನ್ನಿಗೆ ಕೊಟ್ಟು, ಅದರಿಂದ ಕರೆಂಟು ಮಾಡಿ, ಬೋರ್‌ವೆಲ್ಲಿನ ನೀರೆತ್ತಿ ಮನೆ ಮುಂದೆ ನಲ್ಲಿ ಹಾಕಿದ್ರು. ರಾತ್ರಿ ಮನೆಮನೆಗೆ ದೀಪ. ಸಗಣಿ ತೂಕ ಹಾಕಿ ತಗೊಂಡು, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಅವರವರ ಪಾಲಿಗೆ ವಾಪಸ್. ಸಗಣಿ ತಂದು ಹಾಕಿದವರಿಗೆ ಕೆ.ಜಿ. ಲೆಕ್ಕದಲ್ಲಿ ಕೆಲವು ಪೈಸೆ. ಊರಿನದೇ ಸಭೆ, ಊರಿನ ಇಬ್ಬರು ಹುಡುಗರಿಗೆ ಇಂಜಿನ್ ನೋಡಿಕೊಳ್ಳೋ ಕೆಲಸ.

ಮೇಸ್ತ್ರಿ: ಇದ್ರಲ್ಲಿ ಗಟ್ಟಿ ವಿಷ್ಯ ಯಾವ್ದು ಗೊತ್ತಾ? ಗ್ಯಾಸಲ್ಲ, ಇಂಜಿನ್ನಲ್ಲ. ಆ ಪೈಸೆ, ಆ ಗೊಬ್ಬರ, ಆ ಇಬ್ರು ಹುಡುಗ್ರ ಸಂಬಳ. ಸಗಣಿ ಕೊಟ್ಟೋಳಿಗೆ ಕೈಯಾಗೆ ಏನೋ ಬಂತು, ತೋಟಕ್ಕೆ ಗೊಬ್ಬರ ಬಂತು, ಇಂಜಿನ್ ನೋಡೋನಿಗೆ ತಿಂಗಳಾದ್ರೆ ದುಡ್ಡು ಬಂತು. ಎಲ್ರ ಕೈಯೂ ಅದರ ಮೇಲೆ ಇತ್ತು. ಹಂಗಾಗಿ ಅಷ್ಟು ದಿವ್ಸ ನಡೀತು.

ಇಂಜಿನಿಯರ್: ಆಮೇಲೆ ನಿಂತೂ ಹೋಯ್ತು. ಹೊಸಹಳ್ಳಿದೂ ಹಾಗೇ. ಅಲ್ಲಿ 1988ರಲ್ಲಿ ಸೌದೆಯಿಂದ ಅನಿಲ ತೆಗೆಯೋ ಯಂತ್ರ ಇಟ್ರು, ಗ್ಯಾಸಿಫೈಯರು. ಮುಕುಂದ ಅವರ ತಂಡ ಸಂಸ್ಥೆಯಲ್ಲೇ ರೂಪಿಸಿದ್ದು. ಸೌದೆಗೆ ಸಾಕಷ್ಟು ಗಾಳಿ ಕೊಡದೆ ಉರಿಸಿದ್ರೆ ಪೂರ್ತಿ ಸುಡದೆ ಉರಿಯೋ ಅನಿಲ ಬಿಡುತ್ತಲ್ಲ, ಅದನ್ನ ತಣಿಸಿ, ಸೋಸಿ ಡೀಸೆಲ್ ಇಂಜಿನ್ನಿಗೆ ಕೊಡೋದು. ಡೀಸೆಲ್ಲು ಸ್ವಲ್ಪ ಸಾಕು. ಸೌದೆಗೆ ಅಂತ ಊರ ಪಕ್ಕದಲ್ಲೇ ತೋಪು ಬೆಳೆಸಿದ್ರು. ದೀಪ, ಕುಡಿಯೋ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಿಂದಲೇ. ಹದಿನಾಲ್ಕು ವರ್ಷಕ್ಕೂ ಹೆಚ್ಚು ನಡೀತು. ಅದೇ ಸಂಸ್ಥೆಯ ರವೀಂದ್ರನಾಥ್ ಮತ್ತೆ ಅವರ ಜೊತೆಯವರು ಅದರ ದಿನದಿನದ ಲೆಕ್ಕ ಇಟ್ಟು ಪ್ರಕಟಿಸಿದ್ರು. ಸಂಶೋಧನೆ ಅಂತ ನೋಡಿದ್ರೆ ಗೆಲುವೇ. ಊರು ಅಂತ ನೋಡಿದ್ರೆ ಈಗ ಅಲ್ಲಿ ಉರಿಯೋದು ಕಂಬದ ಕರೆಂಟು.

ಮೇಸ್ತ್ರಿ: ಉರೀಲೇಬೇಕಲ್ಲ. ಕಂಬದ ಕರೆಂಟಿಗೆ ಸೌದೆ ಸೀಳೋ ಹಂಗಿಲ್ಲ, ಬೂದಿ ತೆಗೆಯೋ ಹಂಗಿಲ್ಲ, ಸೋಸೋ ಡಬ್ಬ ತೊಳೆಯೋ ಹಂಗಿಲ್ಲ. ಬಿಲ್ಲೂ ಕಮ್ಮಿ, ಪಂಪ್‌ಸೆಟ್ಟಿಗಾದ್ರೆ ಅದೂ ಇಲ್ಲ. ನೀವೇ ಊರಲ್ಲಿದ್ರೆ ಯಾವ್ದು ಇಟ್ಕತಿದ್ರಿ?

ಇಂಜಿನಿಯರ್: ಅಲ್ಲೇ ನನ್ನ ತಕರಾರು. ಆ ಬಿಲ್ಲು ಕಮ್ಮಿ ಇರೋದು ಸರ್ಕಾರ ತುಂಬಿಕೊಡೋದರಿಂದ. ದೂರದ ಕಲ್ಲಿದ್ದಲಿಗೆ, ತಂತಿಗೆ, ನಷ್ಟಕ್ಕೆ ಎಲ್ಲಕ್ಕೂ ಸಾರ್ವಜನಿಕ ದುಡ್ಡು. ಊರ ಪಕ್ಕದ ಗ್ಯಾಸಿಫೈಯರಿಗೆ ಮಾತ್ರ, ನಿನ್ನ ಕಾಲ ಮೇಲೆ ನೀನು ನಿಲ್ಲು ಅನ್ನೋದು. ಅದನ್ನ ತಂತ್ರಜ್ಞಾನದ ಸೋಲು ಅಂತ ನಾನು ಒಪ್ಪಲ್ಲ. ರೆಡ್ಡಿಯವರು ಹಳ್ಳಿಯ ಲೆಕ್ಕದಿಂದ ರಾಜ್ಯದ ಲೆಕ್ಕಕ್ಕೆ ಹೋಗಿದ್ದೂ ಇದೇ ಕಾರಣಕ್ಕೆ. ಎಂಬತ್ತರ ದಶಕದ ಕೊನೆಯಲ್ಲಿ ಕರ್ನಾಟಕಕ್ಕೆ ಇಷ್ಟು ಸಾವಿರ ಮೆಗಾವಾಟ್ ಬೇಕು, ಇಷ್ಟು ದೊಡ್ಡ ಸ್ಥಾವರ ಬೇಕು ಅಂತ ಒಂದು ಯೋಜನೆ ತಯಾರಾಯ್ತು. ಇವರು ತಿರುಗಿಸಿ ಕೇಳಿದ್ರು: ಜನಕ್ಕೆ ಬೇಕಾಗಿರೋದು ಮೆಗಾವಾಟಾ, ಬೆಳಕಾ? ಬಿಸಿನೀರಾ, ಗೀಸರಾ? ಒಳ್ಳೆ ಬಲ್ಬು, ಒಳ್ಳೆ ಪಂಪ್‌ಸೆಟ್ಟು, ತಾರಸಿ ಮೇಲೆ ಸೋಲಾರ್ ನೀರೊಲೆ ಹಾಕಿದ್ರೆ ಅದೇ ಸುಖ ತುಂಬ ಕಮ್ಮಿ ಕರೆಂಟಲ್ಲಿ ಸಿಗುತ್ತೆ ಅಂತ ಅಂಕಿ ಇಟ್ಟು ತೋರಿಸಿದ್ರು. 1988ರಲ್ಲಿ ಬ್ರೆಜಿಲ್, ಸ್ವೀಡನ್, ಅಮೆರಿಕದ ಜೊತೆಗಾರರ ಜೊತೆ ಇಡೀ ಜಗತ್ತಿಗೇ ಇಂಥ ಲೆಕ್ಕ ಹಾಕಿ ಒಂದು ಪುಸ್ತಕ ತಂದ್ರು. ಅದರ ಬೇರು ಇರೋದು ನಿಮ್ಮವ್ವನ ಸೌದೆ ಹೊರೆಯಲ್ಲೇ.

ಮೇಸ್ತ್ರಿ: ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಕೂತೈತೆ, ನಿಜ. ನಾನು ಹೋಗೋ ಮನೆಗಳಲ್ಲೆಲ್ಲ ಐತೆ. ಆದ್ರೆ ನೀವು ಸರ್ಕಾರದ ಮೇಲೆ ಹಾಕಿ ಜಾರ್ಕಂಡ್ರಿ. ಒಲೆ ವಿಷ್ಯಕ್ಕೆ ಬನ್ನಿ, ಅದಕ್ಕೆ ಯಾವ ಕಂಬದ ಕಾಟವೂ ಇರಲಿಲ್ಲ.

ಇಂಜಿನಿಯರ್: ಅಸ್ತ್ರ ಒಲೆ. ಸಾಲಾಗಿ ಮೂರು ಕಂಡಿ, ಕೊನೆಗೆ ಹೊಗೆ ಕೊಳವೆ. ಹಳೇ ಒಲೆಯಲ್ಲಿ ಸೌದೆಯ ಶಾಖ ನೂರಕ್ಕೆ ಹತ್ತರ ಆಸುಪಾಸು ಪಾತ್ರೆಗೆ ಸೇರಿದ್ರೆ, ಇದರಲ್ಲಿ ಪ್ರಯೋಗಾಲಯದ ಲೆಕ್ಕಕ್ಕೆ ನಲವತ್ತರ ಹತ್ತಿರ. ರಾಜ್ಯದಲ್ಲಿ ಲಕ್ಷಗಟ್ಟಲೆ ಕಟ್ಟಿಸಿದ್ರು.

ಮೇಸ್ತ್ರಿ: ಅದರಲ್ಲಿ ನಾನು ಕಟ್ಟಿದ್ದೂ ಅವೆ. ಒಳ್ಳೆ ಒಲೆ ಅದು, ಸುಳ್ಳು ಹೇಳಬಾರ್ದು. ಮೊದ್ಲನೇ ಕಂಡೀಲಿ ಮುದ್ದೆ, ಎರಡನೇದ್ರಲ್ಲಿ ಸಾರು, ಮೂರನೇದ್ರಲ್ಲಿ ನೀರು ತಾನಾಗೇ ಕಾಯೋದು. ಉರಿ ಒಳಗೇ ಹೋಗ್ತದೆ, ಹೊಗೆ ಸೂರಿನ ಮೇಲೆ ಹೋಗ್ತದೆ. ಗೋಡೆ ಕಪ್ಪಾಗಲ್ಲ, ಕಣ್ಣುರಿ ಇಲ್ಲ. ಆದ್ರೆ ಕಟ್ಟೋದು ಸೂಕ್ಷ್ಮ. ಕಂಡಿ ಬಾಯಿ ಆ ಮನೆ ಪಾತ್ರೆ ಅಳತೆಗೆ ಇರಬೇಕು. ಪಾತ್ರೆ ತಳಕ್ಕೂ ಒಲೆ ತಳಕ್ಕೂ ಎಷ್ಟು ಸಂದು ಬೇಕೋ ಅಷ್ಟೇ ಬಿಡಬೇಕು. ಸಂದು ಜಾಸ್ತಿ ಆದ್ರೆ ಶಾಖ ತಾಗದೆ ಸುಮ್ನೆ ಕೊಳವೆಗೆ ಹೋಗ್ತದೆ. ಕಮ್ಮಿ ಆದ್ರೆ ಹೊಗೆ ಮುಂದ್ಲ ಬಾಗ್ಲಿಗೇ ವಾಪಸ್ ಬರ್ತದೆ. ಮುದ್ದೆ ತಿರುವೋವಾಗ ಪಾತ್ರೆಗೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿ ಹಿಡೀತಾರೆ, ಅಷ್ಟು ಜೋರು ಬೀಳ್ತದೆ. ಆ ಪೆಟ್ಟಿಗೆ ಒಲೆ ಬಿರುಕು ಬಿಡಬಾರ್ದು.

ಇಂಜಿನಿಯರ್: ಮತ್ತೆ ಕೆಟ್ಟಿದ್ದೆಲ್ಲಿ?

ಮೇಸ್ತ್ರಿ: ಮೂರು ಕಡೆ. ಒಂದು, ಆ ಒಲೆ ಬಾಯಿ ಚಿಕ್ಕದು. ಸೌದೆ ತುಂಡು ತುಂಡಾಗಿ ಸೀಳಿ ಇಡಬೇಕು. ಹಳೇ ಒಲೇಲಿ ಮಾರುದ್ದದ ಕೊಂಬೆ ಇಟ್ಟು ಉರಿದಂಗೆಲ್ಲ ಒಳಕ್ಕೆ ತಳ್ಕಂಡು ಹೋಗದು. ಸೌದೆ ಉಳೀತು, ಸರಿ, ಆದ್ರೆ ಸೀಳೋ ಕೆಲ್ಸ ಯಾರ ಮೇಲೆ ಬಿತ್ತು? ಅದೇ ಹೆಂಗಸಿನ ಮೇಲೆ. ಎರಡು, ಕೊಳವೇಲಿ ಮಸಿ ಕಟ್ತದೆ. ಬಿಡುವು ಮಾಡ್ಕಂಡು ಕೊಡವಬೇಕು. ಸೂರು ಹತ್ತೋರು ಗಂಡಸ್ರು, ಅಡಿಗೆ ಮನೆ ಹೆಂಗಸ್ರದ್ದು. ಇವಳು ಹೇಳ್ತಾಳೆ, ಅವನು ನಾಳೆ ಅಂತಾನೆ. ಮಸಿ ಕಟ್ಟಿದ್ರೆ ಹೊಗೆ ಒಳಕ್ಕೇ. ಒಂದಿನ ಅವಳೇ ಸಿಟ್ಟಿಗೆದ್ದು ಕೊಳವೆ ಮುಚ್ಚಿ ಮೊದ್ಲಿನಂಗೆ ಉರಿಸ್ತಾಳೆ. ಮೂರನೇದು ನಮ್ಮಂಥೋರದ್ದು. ಊರೂರಿಗೆ ಇಷ್ಟು ಒಲೆ ಅಂತ ಗುರಿ ಕೊಟ್ರು. ಒಲೆ ಲೆಕ್ಕಕ್ಕೆ ಕೂಲಿ. ನಾಕು ದಿನ ಕಲ್ತೋರು ಅಳತೆ ಬಿಟ್ಟು ಸರಸರ ಕಟ್ಟಿ ಫೋಟೊ ಹಿಡಿಸ್ಕಂಡು ಮುಂದಿನೂರಿಗೆ ಹೋದ್ರು. ಕಟ್ಟೋಕೆ ಕೂಲಿ ಇತ್ತು, ತಿರುಗಿ ಬಂದು ನೋಡೋಕೆ ಕೂಲಿ ಇರಲಿಲ್ಲ.

ಇಂಜಿನಿಯರ್: ಅಂದ್ರೆ ರಿಪೇರಿಗೆ ದುಡ್ಡು ಇಡಲಿಲ್ಲ.

ಮೇಸ್ತ್ರಿ: ದುಡ್ಡು ಹಾಗಿರ್ಲಿ, ಹೆಸರೇ ಇರಲಿಲ್ಲ. ಹೆಣ್ಣು ಕೊಟ್ಟ ಮೇಲೆ ತವರಿನೋರು ಒಂದು ಗೌರಿ ಹಬ್ಬಕ್ಕಾದ್ರೂ ಬಂದು ಹೋಗ್ತಾರಲ್ಲ, ಒಲೆ ಕೊಟ್ಟೋರು ಅಷ್ಟೂ ಮಾಡಲಿಲ್ಲ. ನಾನು ಕಟ್ಟಿದ ಒಲೆ ಕೆಲವು ಮನೇಲಿ ಬಹಳ ಕಾಲ ಉರಿದ್ವು. ಯಾಕೆ? ಆ ಊರಿಗೆ ನನ್ನ ತಂಗೀನ ಕೊಟ್ಟಿದ್ದೆ. ಹೋದಾಗೆಲ್ಲ ಬಿರುಕಿಗೆ ಮಣ್ಣು ಮೆತ್ತಿ, ಕೊಳವೆ ಕೊಡವಿ ಬರ್ತಿದ್ದೆ. ಅದನ್ನ ಯಾವ ಸಂಶೋಧನೇಲಿ ಬರೀತೀರಾ ನೀವು?

ಇಂಜಿನಿಯರ್: ಬರೆಯಬೇಕು ಅಂತಲೇ ಅನ್ನಿಸ್ತಿದೆ. ಆದರೆ ಗ್ಯಾಸ್ ಸಿಲಿಂಡರ್ ಬಂದ ಮೇಲೆ ಆ ಪ್ರಶ್ನೆಯೇ ಮುಗೀತಲ್ಲ? ಸರ್ಕಾರದ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಯಲ್ಲೂ ಮನೆಮನೆಗೆ ಸಿಲಿಂಡರ್.

ಮೇಸ್ತ್ರಿ: ಎಲ್ಲಿ ಮುಗೀತು? ಸಾರು, ಕಾಫಿ ಗ್ಯಾಸಿನ ಮೇಲೆ. ಸ್ನಾನದ ಹಂಡೆ ಹಿತ್ಲಲ್ಲಿ, ಸೌದೆ ಮೇಲೇ. ಸಿಲಿಂಡರ್ ಮುಗಿದು ಕೈಯಲ್ಲಿ ದುಡ್ಡಿಲ್ಲದಿದ್ರೆ ಮುದ್ದೇನೂ ಸೌದೆ ಮೇಲೇ. ಎರಡೂ ಒಲೆ ಇಟ್ಕಂಡೇ ಬಾಳುವೆ ಮಾಡ್ತಾರೆ. ನಿಮ್ಮ ಲೆಕ್ಕದಲ್ಲಿ ಆ ಮನೆ ‘ಗ್ಯಾಸ್ ಇರೋ ಮನೆ’ ಅಂತ ಒಂದೇ ಕಡೆ ಬಿದ್ದಿರ್ತದೆ.

ಇಂಜಿನಿಯರ್: ಸರಿ, ಒಲೆ ಬಿಡೋಣ. ಈ ಬ್ಲಾಕು ಯಾಕೆ ಉಳೀತು? ಒಲೆ ತಯಾರಾದ ಜಾಗದಲ್ಲೇ ಇದೂ ತಯಾರಾಗಿದ್ದು. ಜಗದೀಶ್ ಅವರ ತಂಡ ಕೈಯಲ್ಲಿ ಒತ್ತೋ ಈ ಮಿಷನ್ನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡ್ತು. ಉದ್ದೇಶ ಹಳ್ಳಿಯ ಬಡವರಿಗೆ ಕಡಿಮೆ ಖರ್ಚಿನ ಗಟ್ಟಿ ಗೋಡೆ. ಈಗ ನೋಡಿದ್ರೆ ನಾವು ಕಟ್ತಿರೋದು ಸಾಫ್ಟ್‌ವೇರ್‌ನವರ ಮನೆ. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಬೆಂಗಳೂರಲ್ಲಿ ಇಂಥ ಮನೆ ಎಷ್ಟೋ ಕಟ್ಟಿದ್ದಾರೆ, ವಿದ್ಯಾರಣ್ಯಪುರದಲ್ಲಿ ತಮ್ಮ ಮನೆಯನ್ನೂ ಮಣ್ಣಲ್ಲೇ ಕಟ್ಟಿಕೊಂಡಿದ್ದಾರೆ.

ಮೇಸ್ತ್ರಿ: ಯಾಕಂದ್ರೆ ಇಲ್ಲಿ ಎಲ್ರಿಗೂ ಹೊಟ್ಟೆಪಾಡು ಐತೆ. ನೆಲಮಾಳಿಗೆಗೆ ಅಗೆದ ಮಣ್ಣನ್ನ ಲಾರೀಲಿ ಹೊರಗೆ ಸುರಿಯೋಕೆ ದುಡ್ಡು ಕೊಡಬೇಕಿತ್ತು, ಅದೇ ಮಣ್ಣು ಗೋಡೆ ಆಯ್ತು, ಮಾಲೀಕನಿಗೆ ಲಾಭ. ಒತ್ತೋ ಗುಂಪಿಗೆ ಬ್ಲಾಕ್ ಲೆಕ್ಕದಲ್ಲಿ ಕೂಲಿ. ಕಟ್ಟೋ ಮೇಸ್ತ್ರಿಗೆ ಈ ಕೆಲ್ಸ ಗೊತ್ತು ಅಂತ ಬೇಡಿಕೆ. ನಿಮಗೆ ಸಂಬಳ. ಯಾರೋ ಒಬ್ರ ಒಳ್ಳೇತನದ ಮೇಲೆ ನಿಂತಿಲ್ಲ ಇದು. ಊರಲ್ಲಿ ಬಡವನಿಗೆ ಮನೆ ಕಟ್ಟೋವಾಗ ಸರ್ಕಾರದೋರು ಕೇಳೋದು ಇಟ್ಟಿಗೆ, ಸಿಮೆಂಟು. ಅವನಿಗೂ ಮಣ್ಣಿನ ಮನೆ ಅಂದ್ರೆ ಬಡತನ. ಶ್ರೀಮಂತನಿಗೆ ಮಣ್ಣಿನ ಮನೆ ಅಂದ್ರೆ ಷೋಕಿ.

ಇಂಜಿನಿಯರ್: ಇನ್ನೊಂದು ಕಾರಣ ಸೇರಿಸ್ತೀನಿ. ಇದಕ್ಕೆ ಐಎಸ್ 1725 ಅಂತ ಭಾರತೀಯ ಮಾನಕ ಇದೆ. 1982ರಲ್ಲಿ, ಆಮೇಲೆ 2013ರಲ್ಲಿ ಪರಿಷ್ಕರಿಸಿದ್ರು. ಮಾನಕ ಇದ್ರೆ ಇಂಜಿನಿಯರ್ ಧೈರ್ಯವಾಗಿ ಸಹಿ ಹಾಕ್ತಾನೆ. ಅದರ ಹಿಂದೆ ಇರೋದು ಪ್ರಯೋಗಾಲಯದ ದಶಕಗಳ ಕೆಲಸ: ಯಾವ ಮಣ್ಣಿಗೆ ಎಷ್ಟು ಸಿಮೆಂಟು, ಜೇಡಿ ಎಷ್ಟಿರಬೇಕು, ಎಷ್ಟು ದಿನ ನೀರು ಹೊಡೀಬೇಕು, ನೆನೆದಾಗ ಎಷ್ಟು ಭಾರ ತಡೆಯುತ್ತೆ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಹಾಕಿದ ಲೆಕ್ಕ ನೋಡಿ. ಒಂದು ಸುಟ್ಟ ಇಟ್ಟಿಗೆ ತಯಾರಾಗೋಕೆ 4.25 ಮೆಗಾಜೂಲ್ ಶಕ್ತಿ. ನೂರಕ್ಕೆ ಆರರಷ್ಟು ಸಿಮೆಂಟ್ ಹಾಕಿದ ಮಣ್ಣಿನ ಬ್ಲಾಕಿಗೆ 2.60. ಬ್ಲಾಕು ಇಟ್ಟಿಗೆಗಿಂತ ಎರಡು ಪಟ್ಟಿಗೂ ದೊಡ್ಡದು, ಹಾಗಾಗಿ ಗೋಡೆ ಲೆಕ್ಕಕ್ಕೆ ಬಂದ್ರೆ ಮೂರನೇ ಒಂದು ಭಾಗದಷ್ಟೂ ಶಕ್ತಿ ಬೇಡ. ಕಾಂಕ್ರೀಟ್ ಕಂಬದ ಮನೆಗೆ ಒಂದು ಚದರ ಮೀಟರಿಗೆ 4.21 ಗಿಗಾಜೂಲ್ ಹೋದ್ರೆ ಇಂಥ ಮನೆಗೆ 1.61.

ಮೇಸ್ತ್ರಿ: ಅಂಕಿ ಚೆನ್ನಾಗೈತೆ. ಆದ್ರೆ ಬೆಂಗಳೂರಿನ ಕೆಮ್ಮಣ್ಣಲ್ಲಿ ಜೇಡಿ ಜಾಸ್ತಿ. ಅದಕ್ಕೆ ನಾವು ಕ್ವಾರಿ ಪುಡಿ ಬೆರೆಸ್ತೀವಿ. ಆ ಪುಡಿ ಎಲ್ಲಿಂದ ಬರ್ತದೆ? ಯಾವ್ದೋ ಗುಡ್ಡ ಒಡೆದು. ಅದೂ ನಿಮ್ಮ ಲೆಕ್ಕದಲ್ಲಿ ಐತಾ?

ಇಂಜಿನಿಯರ್: ಒಡೆಯೋ, ಸಾಗಿಸೋ ಶಕ್ತಿಯ ಲೆಕ್ಕ ಹಾಕಬಹುದು. ಗುಡ್ಡದ ಲೆಕ್ಕ ಇಲ್ಲ. ಈಗ ಹಳೇ ಕಟ್ಟಡ ಒಡೆದ ಪುಡಿಯನ್ನ ಮರಳಿನ ಬದಲು ಬಳಸೋ ಸಂಶೋಧನೆ ನಡೀತಿದೆ. ನನಗೂ ಅದರಲ್ಲೇ ಆಸಕ್ತಿ.

ಮೇಸ್ತ್ರಿ: ಗುಡ್ಡದ ಮಾತು ಬಂತಲ್ಲ, ನೆಲದ ಮಾತೂ ಕೇಳ್ತೀನಿ. ಚಳ್ಳಕೆರೆ ಕಡೆ ನಮ್ಮ ಬೀಗರವ್ರೆ, ಕುರಿ ಸಾಕೋರು. ಅಲ್ಲಿ ಕಾವಲು ಭೂಮಿ ಕೊಟ್ಟಿದ್ದು ನಿಮ್ಮ ಇದೇ ಸಂಸ್ಥೆಗೇ ಅಲ್ವಾ?

ಇಂಜಿನಿಯರ್: ಹೌದು. ಕುದಾಪುರದ ಹತ್ತಿರ 1,500 ಎಕರೆ, ಎರಡನೇ ಕ್ಯಾಂಪಸ್ಸಿಗೆ. ಅಕ್ಕಪಕ್ಕದಲ್ಲಿ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಕೊಟ್ರು. ಅಮೃತ ಮಹಲ್ ಕಾವಲು ಅದು, ಮೈಸೂರು ಅರಸರ ಕಾಲದಿಂದ ದನ ಮೇಯೋ ಹುಲ್ಲುಗಾವಲು. ಸುತ್ತಲಿನ ಊರಿನವರು ಪ್ರತಿಭಟಿಸಿದ್ರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಅಲ್ಲಿ ಈಗ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತೆ, ಅದು ಒಳ್ಳೆ ಕೆಲಸ. ಆದರೂ ನಿಮ್ಮ ಪ್ರಶ್ನೆಗೆ ಆ ಉತ್ತರ ಸಾಲಲ್ಲ ಅಂತ ಗೊತ್ತು.

ಮೇಸ್ತ್ರಿ: ಪುರದ ಮನೆಮನೇಲಿ ಸೌದೆ ತೂಗಿದೋರು, ಕಾವಲಿಗೆ ಬೇಲಿ ಹಾಕೋ ಮುಂಚೆ ಅಲ್ಲೂ ತೂಗಬೇಕಿತ್ತು. ಎಷ್ಟು ಕುರಿ ಮೇಯ್ತವೆ, ಎಷ್ಟು ಹುಲ್ಲು ಬೆಳೀತದೆ, ಅದರ ಮೇಲೆ ಎಷ್ಟು ಕಂಬಳಿ ಮಗ್ಗ ನಡೀತವೆ. ಅದೂ ರಸೀದಿ ಇಲ್ಲದ ಲೆಕ್ಕವೇ ಅಲ್ವಾ? ಬೇರೆಯೋರ ಒಲೆ ಅಳೆಯೋ ತಕ್ಕಡೀಲಿ ತಮ್ಮದನ್ನೂ ಇಟ್ಟು ನೋಡಬೇಕು.

ಇಂಜಿನಿಯರ್: ಇದು ಒಂದು ಸಂಸ್ಥೆಯ ಮಾತಲ್ಲ ಮೇಸ್ತ್ರಿ. ದೊಡ್ಡ ವಿಶ್ವವಿದ್ಯಾಲಯ ಅಂದ ಮೇಲೆ ಒಳಗೇ ಹತ್ತು ಮನಸ್ಸಿರುತ್ತೆ. ಒಂದು ವಿಭಾಗ ಬೆಂಗಳೂರಿನ ಕೆರೆ ಯಾಕೆ ಸಾಯ್ತಿದೆ ಅಂತ ವರ್ಷಗಟ್ಟಲೆ ಅಳೆಯುತ್ತೆ, ಇನ್ನೊಂದು ಕಡೆ ಕಟ್ಟಡ ಏಳ್ತಾನೇ ಇರುತ್ತೆ. ಅಸ್ತ್ರವೇ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಅಂತ ಆಗಿದೆ. ಮಣ್ಣು, ಜೀವರಾಶಿ ಅನಿಲ, ನೀರು, ತ್ಯಾಜ್ಯ ಎಲ್ಲದರ ಕೆಲಸವೂ ಇದೆ. ನೀವು ನಿಂತೋಗಿದ್ದೇ ಜಾಸ್ತಿ ಅಂತೀರಿ. ನನ್ನ ಕಣ್ಣಿಗೆ ಉಳಿದಿದ್ದೂ ಕಾಣುತ್ತೆ. ಪುರದ ಇಂಜಿನ್ ನಿಂತಿರಬಹುದು, ಆದರೆ ಹೆಂಗಸಿನ ದುಡಿಮೆಯನ್ನೂ ಇಂಧನದ ಲೆಕ್ಕಕ್ಕೆ ತರಬೇಕು ಅನ್ನೋದು ನಿಲ್ಲಲಿಲ್ಲ. ಒಲೆ ಬಿರುಕು ಬಿಟ್ಟಿರಬಹುದು, ಅದೇ ತಂಡ ಕಲಿಸಿದ ಹುಡುಗರು ಬ್ಲಾಕಿನ ಮಾನಕ ಬರೆಯೋ ಮಟ್ಟಕ್ಕೆ ಹೋದ್ರು. ವಿಶ್ವವಿದ್ಯಾಲಯದ ಕೆಲಸ ಊರೂರಲ್ಲಿ ಕೂತು ಇಂಜಿನ್ ಓಡಿಸೋದಲ್ಲ.

ಮೇಸ್ತ್ರಿ: ಅಲ್ಲ ಅಂತ ನಾನೂ ಒಪ್ತೀನಿ. ಓಡ್ಸೋದು ಅವರ ಕೆಲ್ಸ ಅಲ್ಲ. ಆದ್ರೆ ಓಡ್ಸೋನು ಯಾರು, ಅವನಿಗೆ ಅನ್ನ ಎಲ್ಲಿಂದ ಅಂತ ಹೇಳೋದು ಅವರ ಕೆಲ್ಸ. ಅದಿಲ್ಲದೆ ಒಲೆ ಕೆಲ್ಸ ಮುಗೀತು ಅನ್ನಂಗಿಲ್ಲ. ಸೌದೆ ಎಷ್ಟು ಉಳೀತು ಅಂತ ಬರೀತಾರಲ್ಲ, ಅದರ ಕೆಳಗೇ ಇನ್ನೊಂದು ಸಾಲು ಬರೀಬೇಕು: ಇದು ಕೆಟ್ರೆ ಯಾರು ಬರ್ತಾರೆ, ಎಷ್ಟು ದಿನದಲ್ಲಿ ಬರ್ತಾರೆ, ದುಡ್ಡು ಯಾರು ಕೊಡ್ತಾರೆ.

ಇಂಜಿನಿಯರ್: ನೀವು ಹೇಳೋದನ್ನ ಸಂಶೋಧನೆ ಮಾಡೋಕೂ ಬರುತ್ತೆ ಗೊತ್ತಾ? ನಲವತ್ತು ವರ್ಷದ ಹಿಂದೆ ಕಟ್ಟಿದ ಒಲೆ, ಗ್ಯಾಸ್, ಗೋಡೆ ಎಲ್ಲ ಇದ್ದ ಊರುಗಳಿಗೆ ತಿರುಗಿ ಹೋಗಿ, ಉಳಿದಿದ್ದೆಲ್ಲಿ, ಯಾಕೆ ಉಳೀತು, ಯಾರ ಕೈಯಿಂದ ಉಳೀತು ಅಂತ ಅಳೆಯೋದು. ಹೊಸ ಯಂತ್ರ ಮಾಡಿದ್ರೆ ಹೆಸರು ಬರುತ್ತೆ, ಹಳೇದನ್ನ ವಿಚಾರಿಸಿಕೊಂಡು ಹೋದ್ರೆ ಯಾರೂ ಬೆನ್ನು ತಟ್ಟಲ್ಲ. ಆದರೂ ನನ್ನ ಅರ್ಜಿಯಲ್ಲಿ ಅದನ್ನೇ ಬರೀತೀನಿ. ಹಳೇ ಕಟ್ಟಡದ ಪುಡಿ ಎರಡನೇ ಅಧ್ಯಾಯ ಆಗ್ಲಿ.

ಮೇಸ್ತ್ರಿ: ಹಂಗಾದ್ರೆ ಊರಿಗೆ ಹೋದಾಗ ಗಂಡಸ್ರನ್ನ ಕೇಳಬೇಡಿ. ಅವರು ಜಗಲಿ ಮೇಲೆ ಕೂತು ‘ಎಲ್ಲಾ ಚೆನ್ನಾಗೈತೆ’ ಅಂತಾರೆ. ಹಿತ್ಲ ಬಾಗ್ಲಿಗೆ ಹೋಗಿ. ಸೌದೆ ಎಲ್ಲಿ ಪೇರಿಸವ್ರೆ, ಯಾವ ಗೋಡೆ ಕಪ್ಪಾಗೈತೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗ್ತದೆ.

ಇಂಜಿನಿಯರ್: ಸೀಟು ಸಿಕ್ಕಿದ್ರೆ ನಿಮ್ಮನ್ನ ಕ್ಯಾಂಪಸ್ಸಿಗೆ ಕರೆಸ್ತೀನಿ. ಹುಡುಗರಿಗೆ ಮಣ್ಣಿನ ಹದ, ಒಲೆ ಅಳತೆ ನೀವೇ ಹೇಳಿಕೊಡಬೇಕು.

ಮೇಸ್ತ್ರಿ: ಶಾಲು ಹೊದ್ಸಿ ಹಾರ ಹಾಕಿ ಕಳ್ಸೋದಾದ್ರೆ ಬರಾಕಿಲ್ಲ ಕಣಮ್ಮ. ಪ್ರೊಫೆಸರಿಗೆ ಪಾಠಕ್ಕೆ ಸಂಬಳ ಕೊಡೋ ಲೆಕ್ಕದಲ್ಲಿ ನನಗೂ ಕೊಟ್ರೆ ಬರ್ತೀನಿ. ಪುಕ್ಕಟೆ ಪಾಠ ಎರಡನೇ ವರ್ಷಕ್ಕೆ ನಿಂತೋಗ್ತದೆ. ಮತ್ತೊಂದು ಷರತ್ತು, ಕಟ್ಟೋ ಪಾಠ ಆಮೇಲೆ. ಕೆಟ್ಟೋಗಿರೋ ಒಲೆ ಒಂದು ತಂದಿಡಿ, ರಿಪೇರಿಯಿಂದ ಶುರು ಮಾಡ್ತೀನಿ.